ಟೆಕ್ಸಸ್‌ನ 7ನೇ ಪ್ರಸ್ತಾವ: ಹೆದ್ದಾರಿಯ ಹಣವನ್ನು ಸಂವಿಧಾನದಲ್ಲೇ ಬರೆದಿಡಬೇಕೇ?

ಹೊಸಮತದಾರ | 12 ಅಕ್ಟೋಬರ್ 2015

ಟೆಕ್ಸಸ್‌ನಲ್ಲಿ ನವೆಂಬರ್ 3ರಂದು ನಡೆಯಲಿರುವ ಮತದಾನದಲ್ಲಿ ರಾಜ್ಯ ಸಂವಿಧಾನದ ಏಳು ತಿದ್ದುಪಡಿಗಳು ನಮ್ಮ ಮುಂದೆ ಬರಲಿವೆ. ಮೊದಲನೆಯದು ವಾಸದ ಮನೆಯ ಆಸ್ತಿ ತೆರಿಗೆ ವಿನಾಯಿತಿಯನ್ನು 15,000 ಡಾಲರಿನಿಂದ 25,000 ಡಾಲರಿಗೆ ಏರಿಸುವಂಥದ್ದು. ಆರನೆಯದು ಬೇಟೆಯಾಡುವ ಮತ್ತು ಮೀನು ಹಿಡಿಯುವ ಹಕ್ಕಿನದು. ಇವು ಓದಿದ ಕೂಡಲೇ ಅರ್ಥವಾಗುತ್ತವೆ. ನನ್ನ ಗೊಂದಲವೆಲ್ಲ ಕೊನೆಯ, ಅಂದರೆ 7ನೇ ಪ್ರಸ್ತಾವದ್ದು. ಮಾರಾಟ ತೆರಿಗೆಯ ಮತ್ತು ವಾಹನ ಮಾರಾಟ ತೆರಿಗೆಯ ಒಂದು ಭಾಗವನ್ನು ರಾಜ್ಯ ಹೆದ್ದಾರಿ ನಿಧಿಗೆ ಮೀಸಲಿಟ್ಟು, ಅದನ್ನು ಟೋಲ್ ಇಲ್ಲದ ರಸ್ತೆಗಳಿಗೆ ಮತ್ತು ಸಾರಿಗೆಗೆ ಸಂಬಂಧಿಸಿದ ಕೆಲವು ಸಾಲಗಳ ತೀರುವಳಿಗೆ ಬಳಸುವುದು ಎಂದು ಮತಪತ್ರದ ಒಕ್ಕಣೆ ಹೇಳುತ್ತದೆ. ಎಷ್ಟು ಹಣ, ಯಾವಾಗಿನಿಂದ, ಯಾರ ಪಾಲಿನಿಂದ ಎಂಬ ಮೂರೂ ಅದರಲ್ಲಿ ಇಲ್ಲ.

ಕಳೆದ ವರ್ಷದ ನವೆಂಬರಿನಲ್ಲಷ್ಟೇ ತೈಲ ಮತ್ತು ಅನಿಲದ ಉತ್ಪಾದನಾ ತೆರಿಗೆಯಿಂದ ಹೆದ್ದಾರಿಗೆ ಹಣ ಕೊಡುವ ತಿದ್ದುಪಡಿಗೆ ಸುಮಾರು ಶೇ 80ರಷ್ಟು ಮತದಾರರು ಒಪ್ಪಿಗೆ ಕೊಟ್ಟಿದ್ದರು. ಒಂದೇ ವರ್ಷದಲ್ಲಿ ಮತ್ತೊಂದು ತಿದ್ದುಪಡಿ ಏಕೆ ಬೇಕಾಯಿತು? ಹೊಸ ತೆರಿಗೆ ಹಾಕುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಈ ಹಣ ಇಷ್ಟು ದಿನ ಯಾವ ಕೆಲಸಕ್ಕೆ ಹೋಗುತ್ತಿತ್ತು? ಇದಕ್ಕಿಂತ ಮೂಲದ ಇನ್ನೊಂದು ಸಂಶಯವೂ ಇದೆ. ಭಾರತದಲ್ಲಿ ಕೇಂದ್ರ ರಸ್ತೆ ನಿಧಿ ಇರುವುದು 2000ದ ಒಂದು ಕಾಯ್ದೆಯ ಆಧಾರದ ಮೇಲೆ. ಸಂಸತ್ತು ಬಯಸಿದರೆ ಅದನ್ನು ಬದಲಿಸಬಹುದು, ಮತದಾರರನ್ನು ಕೇಳುವ ಅಗತ್ಯವಿಲ್ಲ. ಇಲ್ಲಿ ರಸ್ತೆಗೆ ಕೊಡುವ ಹಣದ ಲೆಕ್ಕವನ್ನು ಸಂವಿಧಾನದಲ್ಲಿ ಬರೆಯುವ ಪದ್ಧತಿ ಏಕೆ ಬಂತು? ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಮುಂಗಡ ಮತದಾನ 19ರಿಂದ ಆರಂಭವಾಗುವುದರಿಂದ ನನಗೆ ಹೆಚ್ಚು ಸಮಯವಿಲ್ಲ.

ಲೆಕ್ಕಪತ್ರ | 12 ಅಕ್ಟೋಬರ್ 2015

ಹಣ ಬರುವ ದಾರಿಯನ್ನು ಮೊದಲು ನೋಡಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಸುಲಭವಾಗುತ್ತದೆ. ರಾಜ್ಯ ಹೆದ್ದಾರಿ ನಿಧಿಗೆ (ಆಯವ್ಯಯದ ಕೆಲಸ ಮಾಡುವವರು ಖಾತೆಯ ಸಂಖ್ಯೆಯನ್ನು ಹಿಡಿದು ಇದನ್ನು ‘ಫಂಡ್ 6’ ಎಂದೇ ಕರೆಯುತ್ತಾರೆ) ಹಿಂದಿನಿಂದಲೂ ಇರುವ ಮುಖ್ಯ ಮೂಲಗಳು ಮೂರು: ಇಂಧನ ತೆರಿಗೆ, ವಾಹನ ನೋಂದಣಿ ಶುಲ್ಕ ಮತ್ತು ಒಕ್ಕೂಟ ಸರ್ಕಾರ ಮರಳಿಸುವ ಹಣ. ಇವುಗಳಲ್ಲಿ ಮೊದಲ ಎರಡನ್ನು 1946ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯೊಂದು ಹೆದ್ದಾರಿಗೆ ಕಟ್ಟಿಹಾಕಿತು. ಅದು ಸಂವಿಧಾನದ 8ನೇ ವಿಧಿಯ 7-ಎ ಪ್ರಕರಣ. ಅದರ ಪ್ರಕಾರ ಇಂಧನ ತೆರಿಗೆಯ ನಿವ್ವಳ ಆದಾಯದಲ್ಲಿ ಮುಕ್ಕಾಲು ಪಾಲು ರಸ್ತೆಗೆ, ಕಾಲು ಪಾಲು ಶಾಲೆಗಳ ನಿಧಿಗೆ ಸಲ್ಲಬೇಕು. ರಸ್ತೆಯ ಪಾಲನ್ನು ಜಾಗ ಸ್ವಾಧೀನ, ನಿರ್ಮಾಣ, ನಿರ್ವಹಣೆ ಮತ್ತು ಆ ರಸ್ತೆಗಳ ಪೊಲೀಸ್ ಕಾವಲಿಗೆ ಮಾತ್ರ ಬಳಸಬೇಕು.

‘ಪೊಲೀಸ್ ಕಾವಲು’ ಎಂಬ ಆ ಬಾಗಿಲಿನಿಂದಲೇ ಹಲವು ವರ್ಷಗಳ ಕಾಲ ಹೆದ್ದಾರಿ ನಿಧಿಯ ಹಣ ಸಾರ್ವಜನಿಕ ಸುರಕ್ಷತಾ ಇಲಾಖೆಯ ಖರ್ಚಿಗೆ ಹರಿದುಹೋಯಿತು. ಅದು ಸಂವಿಧಾನಕ್ಕೆ ವಿರುದ್ಧವಾದುದೇನೂ ಅಲ್ಲ, ಆದರೆ ರಸ್ತೆ ಬೇಕೆನ್ನುವವರಿಗೆ ಸಮಾಧಾನ ಕೊಡುವ ಸಂಗತಿಯೂ ಅಲ್ಲ. ಈ ವರ್ಷದ ಶಾಸನಸಭೆ ಮುಂದಿನ ಎರಡು ವರ್ಷಗಳ ಆಯವ್ಯಯದಲ್ಲಿ ಅದನ್ನು ನಿಲ್ಲಿಸಿ, ಆ ಖರ್ಚನ್ನು ಸಾಮಾನ್ಯ ಬೊಕ್ಕಸಕ್ಕೆ ವರ್ಗಾಯಿಸಿದೆ.

ಈಗ ಕೊರತೆಯ ಕಾರಣಕ್ಕೆ ಬರೋಣ. ಟೆಕ್ಸಸ್‌ನ ಇಂಧನ ತೆರಿಗೆ ಗ್ಯಾಲನ್ನಿಗೆ 20 ಸೆಂಟ್. 1991ರಿಂದ ಅದು ಒಂದು ಸೆಂಟೂ ಕದಲಿಲ್ಲ. ಸ್ಥೂಲವಾಗಿ ಅದರಲ್ಲಿ 15 ಸೆಂಟ್ ರಸ್ತೆಗೆ, 5 ಸೆಂಟ್ ಶಾಲೆಗೆ. ಒಕ್ಕೂಟ ಸರ್ಕಾರದ 18.4 ಸೆಂಟ್ ತೆರಿಗೆಯೂ 1993ರಿಂದ ಹಾಗೆಯೇ ಇದೆ. ಇದು ಬೆಲೆಯ ಶೇಕಡಾವಾರು ತೆರಿಗೆಯಲ್ಲ, ಗ್ಯಾಲನ್ನಿಗೆ ಇಷ್ಟು ಎಂಬ ಸ್ಥಿರ ಮೊತ್ತ. ಆದ್ದರಿಂದ ಡಾಂಬರು, ಸಿಮೆಂಟು, ಕೂಲಿ ಎಲ್ಲವೂ ಏರಿದರೂ ತೆರಿಗೆ ಏರುವುದಿಲ್ಲ. ಕಾರುಗಳು ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡಿದಷ್ಟೂ ಪ್ರತಿ ಮೈಲಿಯಿಂದ ಬರುವ ಹಣ ಇಳಿಯುತ್ತದೆ. ಇತ್ತ ರಾಜ್ಯ ನೋಡಿಕೊಳ್ಳಬೇಕಾದ ರಸ್ತೆ ಸುಮಾರು 80,000 ಮೈಲಿ. ಇಂಧನ ತೆರಿಗೆಯನ್ನು ಏರಿಸುವುದು ನೇರವಾದ ಉತ್ತರವಾಗಿತ್ತು. ಅದಕ್ಕೆ ಶಾಸನಸಭೆಯಲ್ಲಿ ಧೈರ್ಯವಿರಲಿಲ್ಲ. ಬದಲಿಗೆ ಸಾಲದ ದಾರಿ ಹಿಡಿದರು. 2001ರಲ್ಲಿ ಟೆಕ್ಸಸ್ ಮೊಬಿಲಿಟಿ ಫಂಡ್ ಬಂತು, 2003ರಲ್ಲಿ ಹೆದ್ದಾರಿ ನಿಧಿಯ ಮುಂದಿನ ಆದಾಯವನ್ನೇ ಆಧಾರವಾಗಿಟ್ಟು ಸಾಲ ಎತ್ತಲು ಅನುಮತಿ ಸಿಕ್ಕಿತು, 2007ರಲ್ಲಿ ರಾಜ್ಯದ ಸಾಮಾನ್ಯ ಹೊಣೆಯ ಮೇಲೆ 500 ಕೋಟಿ ಡಾಲರಿನ ಬಾಂಡ್‌ಗಳಿಗೆ ಒಪ್ಪಿಗೆ ದೊರೆಯಿತು. ಗಮನಿಸಿ, ಈ ಮೂರೂ ಸಂವಿಧಾನ ತಿದ್ದುಪಡಿಗಳೇ. ಸಾಲದಿಂದ ರಸ್ತೆ ಆಯಿತು, ಬಡ್ಡಿಯೂ ಆಯಿತು. ಸಂಚಾರದ ದಟ್ಟಣೆ ಈಗಿನ ಮಟ್ಟದಲ್ಲಿ ನಿಲ್ಲಬೇಕಾದರೂ ವರ್ಷಕ್ಕೆ ಸುಮಾರು 500 ಕೋಟಿ ಡಾಲರ್ ಹೆಚ್ಚುವರಿಯಾಗಿ ಬೇಕು ಎಂದು ಸಾರಿಗೆ ಇಲಾಖೆ ಕೆಲವು ವರ್ಷಗಳಿಂದ ಹೇಳುತ್ತಿದೆ.

ಕಳೆದ ವರ್ಷದ ತಿದ್ದುಪಡಿ ಈ ಕೊರತೆಯ ಒಂದು ಭಾಗಕ್ಕೆ. ತೈಲ ಮತ್ತು ಅನಿಲದ ಉತ್ಪಾದನಾ ತೆರಿಗೆ 1987ರ ಮಟ್ಟವನ್ನು ಮೀರಿದಾಗ, ಮೀರಿದ ಭಾಗದ ಮುಕ್ಕಾಲು ಪಾಲು ‘ಮಳೆಗಾಲದ ನಿಧಿ’ ಎಂದು ಜನ ಕರೆಯುವ ಆರ್ಥಿಕ ಸ್ಥಿರೀಕರಣ ನಿಧಿಗೆ ಹೋಗುತ್ತಿತ್ತು. ಈಗ ಅದರಲ್ಲಿ ಅರ್ಧದವರೆಗೆ ಹೆದ್ದಾರಿಗೆ ಬರುತ್ತದೆ. ಮೊದಲ ಕಂತು 174 ಕೋಟಿ ಡಾಲರ್. ಆದರೆ ಆ ಮತದಾನ ನಡೆಯುವಾಗಲೇ ತೈಲದ ಬೆಲೆ ಕುಸಿಯಲು ತೊಡಗಿತ್ತು. 2014ರ ನಡುವಿನಲ್ಲಿ ಪೀಪಾಯಿಗೆ 100 ಡಾಲರ್ ಮೀರಿದ್ದದ್ದು ಈಗ 50ರ ಆಸುಪಾಸಿಗೆ ಇಳಿದಿದೆ. ತೈಲದ ಬೆಲೆಯನ್ನು ನಂಬಿ ಸೇತುವೆಯ ಗುತ್ತಿಗೆ ಕೊಡುವುದು ಕಷ್ಟ. ಒಂದೇ ವರ್ಷದಲ್ಲಿ ಎರಡನೆಯ ತಿದ್ದುಪಡಿ ಏಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರದ ಒಂದು ಭಾಗ ಇದು. ಮೊದಲನೆಯದು ಕೊರತೆಯನ್ನು ಪೂರ್ತಿ ತುಂಬುತ್ತದೆ ಎಂದು ಆಗಲೂ ಯಾರೂ ಹೇಳಿರಲಿಲ್ಲ ಎಂಬುದು ಇನ್ನೊಂದು ಭಾಗ.

7ನೇ ಪ್ರಸ್ತಾವದ ಲೆಕ್ಕ ಹೀಗಿದೆ. 2017ರ ಸೆಪ್ಟೆಂಬರ್ 1ರಿಂದ ಆರಂಭವಾಗುವ ಹಣಕಾಸು ವರ್ಷದಿಂದ ರಾಜ್ಯದ ಮಾರಾಟ ತೆರಿಗೆಯ ಮೊದಲ 2,800 ಕೋಟಿ ಡಾಲರ್ ಎಂದಿನಂತೆ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತದೆ. ಅದರ ಮೇಲಿನ 250 ಕೋಟಿ ಡಾಲರ್ ಹೆದ್ದಾರಿ ನಿಧಿಗೆ. ಅದನ್ನೂ ಮೀರಿದ್ದು ಮತ್ತೆ ಸಾಮಾನ್ಯ ಬೊಕ್ಕಸಕ್ಕೆ. 2019ರ ಸೆಪ್ಟೆಂಬರಿನಿಂದ ವಾಹನ ಮಾರಾಟ ಮತ್ತು ಬಾಡಿಗೆ ತೆರಿಗೆಯ ಮೊದಲ 500 ಕೋಟಿಯನ್ನು ಬಿಟ್ಟು, ಮೇಲಿನ ಮೊತ್ತದ ಶೇ 35 ಹೆದ್ದಾರಿಗೆ. ವರ್ಷಕ್ಕೆ 250 ಕೋಟಿ ಖಚಿತ ಎಂದು ಪ್ರಚಾರದಲ್ಲಿ ಕೇಳಿಬರುವುದು ಪೂರ್ತಿ ಸರಿಯಲ್ಲ. ಮಾರಾಟ ತೆರಿಗೆ ಒಂದು ವರ್ಷ 2,950 ಕೋಟಿ ಬಂದರೆ ಹೆದ್ದಾರಿಗೆ ಸಿಗುವುದು 150 ಕೋಟಿ ಮಾತ್ರ; 2,800 ಕೋಟಿಗೆ ಮುಟ್ಟದಿದ್ದರೆ ಏನೂ ಇಲ್ಲ. ಆಗಸ್ಟಿನಲ್ಲಿ ಮುಗಿದ ವರ್ಷದಲ್ಲಿ ಸಂಗ್ರಹ 2,800 ಕೋಟಿಯನ್ನು ದಾಟಿದೆ, ಆದರೆ 3,050 ಕೋಟಿಯ ಹತ್ತಿರ ಬಂದಿಲ್ಲ. ವಾಹನ ತೆರಿಗೆ ಇನ್ನೂ 500 ಕೋಟಿಯನ್ನು ಮುಟ್ಟಿಲ್ಲ. ಮುಂದೆ 560 ಕೋಟಿಯಾದರೂ ಅದರಿಂದ ರಸ್ತೆಗೆ ದೊರೆಯುವುದು 21 ಕೋಟಿ.

ಸಂವಿಧಾನದಲ್ಲೇ ಏಕೆ ಬರೆಯಬೇಕು ಎಂಬುದಕ್ಕೆ ಉತ್ತರ ಶಾಸನಸಭೆಯ ಸ್ವಭಾವದಲ್ಲಿದೆ. ಅದು ಎರಡು ವರ್ಷಕ್ಕೊಮ್ಮೆ 140 ದಿನ ಸೇರಿ ಎರಡು ವರ್ಷದ ಆಯವ್ಯಯವನ್ನು ಬರೆಯುತ್ತದೆ, ಮತ್ತು ಒಂದು ಸಭೆ ಮಾಡಿದ ಸಾಮಾನ್ಯ ಕಾಯ್ದೆ ಮುಂದಿನ ಸಭೆಯ ಕೈಯನ್ನು ಕಟ್ಟಲಾರದು. ಹತ್ತು ವರ್ಷ ಹಿಡಿಯುವ ರಸ್ತೆಗೆ ಎರಡು ವರ್ಷದ ಭರವಸೆ ಸಾಲದು. ತಿದ್ದುಪಡಿಯಾದರೆ ಅದನ್ನು ಕಿತ್ತುಹಾಕಲು ಕೆಳಮನೆಯ 150ರಲ್ಲಿ 100 ಮತ, ಸೆನೆಟ್ಟಿನ 31ರಲ್ಲಿ 21 ಮತ, ಆಮೇಲೆ ಜನರ ಒಪ್ಪಿಗೆ ಬೇಕು. ರಾಜ್ಯಪಾಲರ ಸಹಿ ಇದಕ್ಕೆ ಬೇಕಿಲ್ಲ. 1876ರ ಈ ಸಂವಿಧಾನಕ್ಕೆ ಈಗಾಗಲೇ 480ಕ್ಕೂ ಹೆಚ್ಚು ತಿದ್ದುಪಡಿಗಳಾಗಿವೆ ಎಂಬುದನ್ನು ನೆನೆದರೆ, ಇಲ್ಲಿ ಸಂವಿಧಾನ ಅರ್ಧ ಆಯವ್ಯಯದ ಕೈಪಿಡಿಯಾಗಿರುವುದು ನಿಮಗೆ ಅಷ್ಟು ವಿಚಿತ್ರವೆನಿಸದು.

ನಾನು ಇದಕ್ಕೆ ಹೌದು ಎಂದು ಮತ ಹಾಕುವವನು. ಇಂಧನ ತೆರಿಗೆ ಏರಿಸುವುದೇ ಸರಿಯಾದ ದಾರಿ ಎಂದು ಈಗಲೂ ನಂಬುತ್ತೇನೆ, ಆದರೆ ಮತಪತ್ರದಲ್ಲಿ ಇರುವುದು ಆ ದಾರಿಯಲ್ಲ.

ಸಂದೇಹಿ | 13 ಅಕ್ಟೋಬರ್ 2015

ಮೇಲಿನ ವಿವರಣೆಯಲ್ಲಿ ಲೆಕ್ಕ ಸರಿಯಾಗಿದೆ. ಆದರೆ ಹೊಸಮತದಾರ ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೆ, ಅಂದರೆ ಈ ಹಣ ಇಷ್ಟು ದಿನ ಎಲ್ಲಿಗೆ ಹೋಗುತ್ತಿತ್ತು ಎಂಬುದಕ್ಕೆ, ನೇರ ಉತ್ತರ ಬಂದಿಲ್ಲ. ಅದು ಹೋಗುತ್ತಿದ್ದುದು ಶಾಲೆಗಳಿಗೆ, ವಿಶ್ವವಿದ್ಯಾಲಯಗಳಿಗೆ, ಆರೋಗ್ಯ ಸೇವೆಗೆ, ಸೆರೆಮನೆಗಳಿಗೆ. ಟೆಕ್ಸಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಹಾಕಬೇಕಾದರೆ ಮತದಾರರ ಒಪ್ಪಿಗೆ ಬೇಕು ಎಂದು 1993ರಲ್ಲಿ ಸಂವಿಧಾನದಲ್ಲೇ ಬರೆಯಲಾಯಿತು. ಹಾಗಾಗಿ ರಾಜ್ಯದ ತೆರಿಗೆ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಮಾರಾಟ ತೆರಿಗೆಯೊಂದರಿಂದಲೇ ಬರುತ್ತದೆ. ರಸ್ತೆಗೆ ಇಂಧನ ತೆರಿಗೆಯೂ ನೋಂದಣಿ ಶುಲ್ಕವೂ ಪ್ರತ್ಯೇಕವಾಗಿ ಇದ್ದವು. ಉಳಿದವರಿಗೆಲ್ಲ ಇದ್ದದ್ದು ಈ ಒಂದು ಮೂಲ.

ಮೊದಲ 2,800 ಕೋಟಿಗೆ ಕೈಹಚ್ಚುವುದಿಲ್ಲ, ಆದ್ದರಿಂದ ಯಾರಿಗೂ ನಷ್ಟವಿಲ್ಲ ಎಂಬ ವಾದವನ್ನು ಹಲವೆಡೆ ಕೇಳಿದ್ದೇನೆ. ಆ 2,800 ಕೋಟಿ ಎಂಬ ಅಂಕಿ ಸಂವಿಧಾನದಲ್ಲಿ ಡಾಲರಿನ ಸ್ಥಿರ ಮೊತ್ತವಾಗಿ ನಿಲ್ಲುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಜನಸಂಖ್ಯೆ ಬೆಳೆದಂತೆ, ಬೆಲೆ ಏರಿದಂತೆ ಶಾಲೆಯ ಖರ್ಚೂ ಬೆಳೆಯುತ್ತದೆ. ಆ ಬೆಳವಣಿಗೆಗೆ ಒದಗಬೇಕಾದದ್ದು 2,800 ಕೋಟಿಯ ಮೇಲಿನ ಹಣವೇ. ಸಂಗ್ರಹ 3,050 ಕೋಟಿಗೆ ಏರುವ ತನಕ ಬರುವ ಪ್ರತಿಯೊಂದು ಹೆಚ್ಚುವರಿ ಡಾಲರೂ ರಸ್ತೆಗೆ ಹೋಗುತ್ತದೆ. ಈಗ ನಾವಿರುವುದು ಆ ಅಂತರದೊಳಗೇ. 2011ರ ಕೊರತೆಯ ವರ್ಷದಲ್ಲಿ ಇದೇ ಶಾಸನಸಭೆ ಶಾಲೆಗಳಿಗೆ ಕೊಡುವ ಹಣದಲ್ಲಿ 500 ಕೋಟಿ ಡಾಲರಿಗೂ ಹೆಚ್ಚು ಕಡಿತ ಮಾಡಿತು. ಅಂಥ ವರ್ಷ ಮತ್ತೆ ಬಂದಾಗ ಆಯವ್ಯಯ ಬರೆಯುವವರ ಕೈಯಲ್ಲಿ ಬಿಡಿಯಾಗಿರುವ ಹಣ ಇನ್ನಷ್ಟು ಕಡಿಮೆಯಿರುತ್ತದೆ.

ನ್ಯಾಯದ ದೃಷ್ಟಿಯಿಂದಲೂ ನನಗೆ ಆಕ್ಷೇಪವಿದೆ. ಇಂಧನ ತೆರಿಗೆಯಲ್ಲಿ ಒಂದು ತರ್ಕವಿತ್ತು: ರಸ್ತೆಯನ್ನು ಹೆಚ್ಚು ಬಳಸಿದವರು ಹೆಚ್ಚು ಕೊಡುತ್ತಾರೆ, ಹೊರರಾಜ್ಯದಿಂದ ಬಂದು ನಮ್ಮ ಹೆದ್ದಾರಿಯನ್ನು ತುಳಿದು ಹೋಗುವ ಭಾರದ ಟ್ರಕ್ಕೂ ಕೊಡುತ್ತದೆ. ಮಾರಾಟ ತೆರಿಗೆಯಲ್ಲಿ ಆ ನಂಟು ಕಡಿದುಹೋಗುತ್ತದೆ. ಕಾರೇ ಇಲ್ಲದ ವಿದ್ಯಾರ್ಥಿ ಬಟ್ಟೆ ಕೊಂಡಾಗಲೂ ಹೆದ್ದಾರಿಗೆ ಕೊಡುತ್ತಾನೆ, ಆದರೆ ಅವನು ಹತ್ತುವ ಬಸ್ಸಿಗೆ ಈ ನಿಧಿಯಿಂದ ಒಂದು ಸೆಂಟೂ ಸಿಗುವುದಿಲ್ಲ, ಏಕೆಂದರೆ ಹಣ ಟೋಲ್ ಇಲ್ಲದ ಸಾರ್ವಜನಿಕ ರಸ್ತೆಗೆ ಮಾತ್ರ. ಡಲ್ಲಾಸ್, ಹ್ಯೂಸ್ಟನ್‌ಗಳ ಬಸ್ಸು ಮತ್ತು ರೈಲುಗಳು ಸ್ಥಳೀಯ ಮಾರಾಟ ತೆರಿಗೆಯ ಮೇಲೆ ನಡೆಯುತ್ತವೆ. ಆ ಹೊರೆಯನ್ನು ಅಲ್ಲಿನವರು ಬೇರೆಯಾಗಿ ಹೊರುತ್ತಿದ್ದಾರೆ.

ಉತ್ತರದಂಚು | 14 ಅಕ್ಟೋಬರ್ 2015

ನಾನು ಟೆಕ್ಸಸ್‌ನ ಮತದಾರನಲ್ಲ, ಮಿನ್ನೆಸೋಟಾದವನು. ಆದರೂ ಈ ಚರ್ಚೆ ಒಂದೇ ರಾಜ್ಯದ್ದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಹೆದ್ದಾರಿಯ ಹಣವನ್ನು ಸಂವಿಧಾನದೊಳಗೆ ಇಡುವ ಪದ್ಧತಿಗೆ ಹಿಂದಿನಿಂದ ಒಂದು ಕಾರಣವಿದೆ. ಇಂಧನ ತೆರಿಗೆಯನ್ನು 1919ರಲ್ಲಿ ಆರೆಗನ್ ಮೊದಲಿಗೆ ಹಾಕಿತು, ಹತ್ತು ವರ್ಷದೊಳಗೆ ಎಲ್ಲ ರಾಜ್ಯಗಳೂ ಹಾಕಿದವು. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಸರಾಗವಾಗಿ ಬರುತ್ತಿದ್ದ ಆದಾಯ ಇದೊಂದೇ ಎನ್ನುವಂತಾದಾಗ ಅನೇಕ ಶಾಸನಸಭೆಗಳು ಅದನ್ನು ಬೇರೆ ಕೆಲಸಗಳಿಗೆ ತಿರುಗಿಸಿದವು. ಹಾಗೆ ತಿರುಗಿಸಿದ ರಾಜ್ಯಕ್ಕೆ ಒಕ್ಕೂಟ ಸರ್ಕಾರದ ಹೆದ್ದಾರಿ ನೆರವಿನಲ್ಲಿ ಮೂರನೆಯ ಒಂದು ಭಾಗದವರೆಗೆ ತಡೆಹಿಡಿಯಬಹುದು ಎಂದು 1934ರ ಹೇಡನ್-ಕಾರ್ಟ್‌ರೈಟ್ ಕಾಯ್ದೆ ಹೇಳಿತು. ಅದರ ಹಿಂದೆಯೇ ವಾಷಿಂಗ್ಟನ್ ರಾಜ್ಯ 1944ರಲ್ಲಿ, ಪೆನ್ಸಿಲ್ವೇನಿಯಾ 1945ರಲ್ಲಿ, ಟೆಕ್ಸಸ್ 1946ರಲ್ಲಿ, ಒಹಾಯೊ 1947ರಲ್ಲಿ ತಮ್ಮ ಸಂವಿಧಾನಗಳಿಗೆ ಬೀಗ ಹಾಕಿಕೊಂಡವು. ಇವೆಲ್ಲ ಇಂಧನ ತೆರಿಗೆಯನ್ನು ಕಾಯುವ ಬೀಗಗಳಾಗಿದ್ದವು. ಈಗ ನಡೆಯುತ್ತಿರುವುದು ಅದರ ಮುಂದಿನ ಹೆಜ್ಜೆ. ಹೆದ್ದಾರಿಗೆ ಸಂಬಂಧವೇ ಇಲ್ಲದ ತೆರಿಗೆಯನ್ನೂ ಬೀಗದೊಳಗೆ ಎಳೆದುಕೊಳ್ಳುತ್ತಿದ್ದಾರೆ. ಎರಡಕ್ಕೂ ಒಂದೇ ಸಮರ್ಥನೆ ಸಲ್ಲುವುದಿಲ್ಲ ಎಂದು ನನ್ನ ಅಭಿಪ್ರಾಯ.

ಮತದಾರರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರುವ ಹತ್ತಿರದ ಉದಾಹರಣೆಗಳಿವೆ. 2014ರ ಆಗಸ್ಟಿನಲ್ಲಿ ಮಿಸೌರಿಯಲ್ಲಿ ಸಾರಿಗೆಗಾಗಿ ಮುಕ್ಕಾಲು ಸೆಂಟ್ ಹೊಸ ಮಾರಾಟ ತೆರಿಗೆಯ ತಿದ್ದುಪಡಿ ಬಂದಾಗ ಸುಮಾರು ಶೇ 59ರಷ್ಟು ಜನ ಬೇಡವೆಂದರು. ಈ ವರ್ಷದ ಮೇ ತಿಂಗಳಲ್ಲಿ ಮಿಷಿಗನ್‌ನಲ್ಲಿ ಮಾರಾಟ ತೆರಿಗೆಯನ್ನು ಶೇ 6ರಿಂದ 7ಕ್ಕೆ ಏರಿಸಿ ರಸ್ತೆ ದುರಸ್ತಿ ಮಾಡುವ ಪ್ರಸ್ತಾವವನ್ನು ಸುಮಾರು ಶೇ 80ರಷ್ಟು ಜನ ತಿರಸ್ಕರಿಸಿದರು. ಮಿಷಿಗನ್‌ನ ರಸ್ತೆಗಳ ಸ್ಥಿತಿ ಕಂಡವರು ಬಲ್ಲರು, ಅಲ್ಲಿ ಅಗತ್ಯವಿಲ್ಲದೆ ಇರಲಿಲ್ಲ. ಅದೇ 2014ರ ನವೆಂಬರಿನಲ್ಲಿ ವಿಸ್ಕಾನ್ಸಿನ್‌ನಲ್ಲಿ, ಇರುವ ಸಾರಿಗೆ ನಿಧಿಯ ಹಣವನ್ನು ಬೇರೆಡೆ ಒಯ್ಯಬಾರದು ಎಂಬ ತಿದ್ದುಪಡಿಗೆ ಸುಮಾರು ಶೇ 80 ಒಪ್ಪಿಗೆ ಸಿಕ್ಕಿತು. ಮೇರಿಲ್ಯಾಂಡ್‌ನಲ್ಲೂ ಅಂಥದ್ದೇ ಗೆದ್ದಿತು. ಹೊಸದಾಗಿ ಕೊಡಿ ಎಂದರೆ ಇಲ್ಲ, ಇದ್ದದ್ದನ್ನು ರಸ್ತೆಗೆ ಇಡಿ ಎಂದರೆ ಹೌದು. ಟೆಕ್ಸಸ್‌ನವರು ಈ ಪಾಠವನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ಹೆದ್ದಾರಿಗೆ ಹಣ ಸೇರಿಸಿದ ಮೇಲೆ ಉಳಿದುದರಲ್ಲಿ ಏನನ್ನು ಕಡಿಮೆ ಮಾಡಬೇಕು ಎಂಬ ಪ್ರಶ್ನೆ ಮತಪತ್ರದಲ್ಲಿ ಎಂದಿಗೂ ಇರುವುದಿಲ್ಲ.

ನಮ್ಮಲ್ಲಿ 2006ರಲ್ಲಿ ಸ್ವಲ್ಪ ಬೇರೆ ರೀತಿಯ ತಿದ್ದುಪಡಿಯಾಯಿತು. ವಾಹನ ಮಾರಾಟ ತೆರಿಗೆಯನ್ನು ಪೂರ್ತಿಯಾಗಿ ಸಾರಿಗೆಗೆ ಕೊಟ್ಟು, ಅದರಲ್ಲಿ ಹೆದ್ದಾರಿಗೆ ಶೇ 60ಕ್ಕಿಂತ ಹೆಚ್ಚು ಹೋಗಬಾರದು, ಸಾರ್ವಜನಿಕ ಸಾರಿಗೆಗೆ ಶೇ 40ಕ್ಕಿಂತ ಕಡಿಮೆಯಾಗಬಾರದು ಎಂದು ಬರೆದರು. ಬಸ್ಸಿನ ಬಗ್ಗೆ ಸಂದೇಹಿ ಅವರು ಎತ್ತಿದ ಆಕ್ಷೇಪಕ್ಕೆ ಇದು ಉತ್ತರವಾಗುತ್ತದೆ. ಶಾಲೆಗಳ ಬಗೆಗಿನ ಆಕ್ಷೇಪಕ್ಕೆ ಆಗುವುದಿಲ್ಲ.

ಹೊಸಮತದಾರ | 15 ಅಕ್ಟೋಬರ್ 2015

ಮೂವರಿಗೂ ವಂದನೆಗಳು. ಇನ್ನೂ ಮೂರು ವಿಷಯಗಳು ಉಳಿದಿವೆ. ಟೋಲ್ ರಸ್ತೆಗಳಿಗೆ ಈ ಹಣ ಇಲ್ಲ ಎಂದರೆ ಮುಂದೆ ಹೊಸ ಟೋಲ್ ರಸ್ತೆಗಳು ಬರುವುದಿಲ್ಲ ಎಂದು ತಿಳಿಯಬಹುದೇ? ‘ಕೆಲವು ಸಾಲಗಳು’ ಎಂದರೆ ಯಾವುವು? ಮತ್ತು ಹಣ ಯಾವ ರಸ್ತೆಗೆ ಹೋಗಬೇಕೆಂದು ನಿರ್ಧರಿಸುವವರು ಯಾರು? ನಗರಗಳ ದಟ್ಟಣೆಯನ್ನು ತೋರಿಸಿ ಮತ ಕೇಳುತ್ತಿದ್ದಾರೆ. ಹಣ ಅಲ್ಲಿಗೇ ಹೋಗುತ್ತದೆ ಎಂಬ ಭರವಸೆ ಎಲ್ಲಿಯಾದರೂ ಬರೆದಿದೆಯೇ?

ಲೆಕ್ಕಪತ್ರ | 15 ಅಕ್ಟೋಬರ್ 2015

ಟೋಲ್ ವಿಷಯದಲ್ಲಿ ಹಾಗೆ ತಿಳಿಯುವಂತಿಲ್ಲ. ನಿರ್ಬಂಧ ಇರುವುದು ಈ ಹಣಕ್ಕೆ, ಟೋಲ್ ರಸ್ತೆ ಎಂಬ ಪದ್ಧತಿಗೆ ಅಲ್ಲ. ಕಳೆದ ವರ್ಷದ ತೈಲ ತೆರಿಗೆಯ ಹಣಕ್ಕೂ ಇದೇ ನಿರ್ಬಂಧವಿದೆ. ಆದರೆ ನಿಧಿಯಲ್ಲಿರುವ ಹಳೆಯ ಆದಾಯಗಳಿಗೆ ಈ ತಿದ್ದುಪಡಿಯ ನಿರ್ಬಂಧ ತಾಕುವುದಿಲ್ಲ. ಹೊಸ ಹಣದಿಂದ ಟೋಲ್ ಇಲ್ಲದ ರಸ್ತೆಯೊಂದನ್ನು ಮಾಡಿದರೆ, ಅದಕ್ಕೆಂದು ಇಟ್ಟಿದ್ದ ಹಳೆಯ ಹಣ ಬಿಡುವಾಗುತ್ತದೆ. ಆ ಹಣವನ್ನು ಟೋಲ್ ಯೋಜನೆಗೆ ಹಾಕಬಾರದೆಂದು 7ನೇ ಪ್ರಸ್ತಾವ ಹೇಳುವುದಿಲ್ಲ. ನಿಧಿ ದೊಡ್ಡದಾದಷ್ಟೂ ಟೋಲ್‌ನ ಮೊರೆ ಹೋಗುವ ಒತ್ತಡ ಕಡಿಮೆಯಾಗಬಹುದು ಎಂದಷ್ಟೇ ಹೇಳಬಹುದು.

ಸಾಲ ಎಂದರೆ 2007ರಲ್ಲಿ ಒಪ್ಪಿಗೆ ಪಡೆದ, 3ನೇ ವಿಧಿಯ 49-ಪಿ ಪ್ರಕರಣದ ಬಾಂಡ್‌ಗಳು. ಹೆದ್ದಾರಿಗಾಗಿ ಎತ್ತಿದ ಸಾಲವಾದರೂ ಅದರ ಕಂತನ್ನು ಈಗ ಸಾಮಾನ್ಯ ಬೊಕ್ಕಸ ಕಟ್ಟುತ್ತಿದೆ. 7ನೇ ಪ್ರಸ್ತಾವದ ಹಣದಿಂದ ಅದನ್ನು ಕಟ್ಟಿದರೆ ಸಾಮಾನ್ಯ ಬೊಕ್ಕಸಕ್ಕೆ ಅಷ್ಟು ಹೊರೆ ಇಳಿಯುತ್ತದೆ, ಅಂದರೆ ಮುಂಬಾಗಿಲಿನಿಂದ ಹೋದ ಹಣದ ಒಂದು ಪಾಲು ಹಿತ್ತಿಲಿನಿಂದ ಮರಳುತ್ತದೆ. ಸಂದೇಹಿ ಅವರ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು. ಇತ್ತ ಹೆದ್ದಾರಿ ಬೇಕೆನ್ನುವವರೂ ಇದನ್ನು ನೆನಪಿಡಬೇಕು, ಏಕೆಂದರೆ ಸಾಲಕ್ಕೆ ಹೋದ ಪ್ರತಿ ಡಾಲರೂ ಹೊಸ ರಸ್ತೆಗೆ ಹೋಗದ ಡಾಲರು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಅದರ ಬಗ್ಗೆ ತಿದ್ದುಪಡಿ ಮೌನವಾಗಿದೆ. ಯಾವ ರಸ್ತೆ, ಯಾವ ಪ್ರದೇಶ, ಅಗಲೀಕರಣವೋ ದುರಸ್ತಿಯೋ ಎಂಬುದರ ಬಗ್ಗೆ ಒಂದು ಪದವೂ ಅದರಲ್ಲಿಲ್ಲ. ನಿರ್ಧಾರ ಟೆಕ್ಸಸ್ ಸಾರಿಗೆ ಆಯೋಗದ್ದು. ಅದರ ಐವರು ಸದಸ್ಯರನ್ನು ರಾಜ್ಯಪಾಲರು ಸೆನೆಟ್ಟಿನ ಸಮ್ಮತಿಯೊಂದಿಗೆ ಆರು ವರ್ಷದ ಅವಧಿಗೆ ನೇಮಿಸುತ್ತಾರೆ. ಮುಂದಿನ ಹತ್ತು ವರ್ಷಗಳ ಕಾಮಗಾರಿಗಳ ಪಟ್ಟಿಯನ್ನು ಆಯೋಗ ಸಿದ್ಧಪಡಿಸಿ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ದೊಡ್ಡ ನಗರಗಳಲ್ಲಿ ಸ್ಥಳೀಯ ಯೋಜನಾ ಸಂಸ್ಥೆಗಳ ಆಯ್ಕೆಗೂ ಅದರಲ್ಲಿ ಸ್ಥಾನವಿದೆ. ತೈಲ ಹೊರಡುವ ಪ್ರದೇಶಗಳಲ್ಲಿ ಭಾರದ ಟ್ರಕ್ಕುಗಳಿಂದ ಹಾಳಾದ ಹಳ್ಳಿಯ ರಸ್ತೆಗಳೂ ಇದೇ ಸಾಲಿನಲ್ಲಿ ನಿಂತಿವೆ. ದಟ್ಟಣೆಯ ಚಿತ್ರ ತೋರಿಸಿ ಮತ ಕೇಳಿದವರು ತಮ್ಮ ಊರಿನ ಪಾಲಿಗಾಗಿ ಹೋರಾಡಬೇಕಾದದ್ದು ನವೆಂಬರ್ 3ರ ನಂತರ, ಆಯೋಗದ ಸಭೆಗಳಲ್ಲಿ. ಆ ಸಭೆಗಳಿಗೆ ಸಾಮಾನ್ಯ ಮತದಾರರು ಹೋಗುವುದು ಅಪರೂಪ, ಗುತ್ತಿಗೆದಾರರ ಪ್ರತಿನಿಧಿಗಳು ತಪ್ಪಿಸಿಕೊಳ್ಳುವುದಿಲ್ಲ.

ಹಿಂದಿನ ಉತ್ತರದಲ್ಲಿ ಬಿಟ್ಟುಹೋದ ಒಂದು ಅಂಶವನ್ನೂ ಸೇರಿಸುತ್ತೇನೆ. ಈ ಬೀಗ ಬಿಚ್ಚಲಾಗದ್ದಲ್ಲ. ಎರಡೂ ಸದನಗಳ ಮೂರನೆಯ ಎರಡು ಭಾಗದಷ್ಟು ಸದಸ್ಯರು ದಾಖಲಾದ ಮತದಿಂದ ಒಪ್ಪಿದರೆ ಒಂದು ವರ್ಷದ ಪಾಲನ್ನು ಅರ್ಧದವರೆಗೆ ಇಳಿಸಬಹುದು. ಅದಕ್ಕೆ ಮತ್ತೆ ಜನರ ಬಳಿ ಬರಬೇಕಿಲ್ಲ. ವಾಹನ ತೆರಿಗೆಯ ಭಾಗಕ್ಕೆ 2029ರ ಆಗಸ್ಟಿನಲ್ಲಿ, ಮಾರಾಟ ತೆರಿಗೆಯ ಭಾಗಕ್ಕೆ 2032ರ ಆಗಸ್ಟಿನಲ್ಲಿ ಅವಧಿ ಮುಗಿಯುತ್ತದೆ. ಆಮೇಲೆ ಹತ್ತು ಹತ್ತು ವರ್ಷ ಮುಂದುವರಿಸಲು ಸಾಮಾನ್ಯ ಬಹುಮತದ ನಿರ್ಣಯ ಸಾಕು. 2011ರಂಥ ವರ್ಷ ಬಂದರೆ ಏನು ಮಾಡುವುದು ಎಂಬ ಸಂದೇಹಿ ಅವರ ಪ್ರಶ್ನೆಗೆ ಕರಡು ಬರೆದವರು ಕೊಟ್ಟ ಉತ್ತರ ಇದು.

ಸಂದೇಹಿ | 16 ಅಕ್ಟೋಬರ್ 2015

ಅರ್ಧ ಇಳಿಸುವ ಅವಕಾಶ ಇದೆಯೆಂಬುದನ್ನು ಒಪ್ಪುತ್ತೇನೆ. ಅದಕ್ಕೆ ಬೇಕಾದ ಮೂರನೆಯ ಎರಡು ಭಾಗ ಮತ ಕೂಡುವುದು ಎಷ್ಟು ಕಷ್ಟ ಎಂಬುದನ್ನು ಈ ಸದನಗಳನ್ನು ನೋಡುತ್ತಿರುವವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಅಂಶ ಈ ಇಡೀ ಪ್ರಚಾರದಲ್ಲಿ ಎಲ್ಲೂ ಕಿವಿಗೆ ಬೀಳಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. 1978ರಲ್ಲಿ ಸೇರಿಸಿದ 8ನೇ ವಿಧಿಯ 22ನೇ ಪ್ರಕರಣ ರಾಜ್ಯದ ಖರ್ಚಿಗೆ ಒಂದು ಮಿತಿ ಹಾಕಿದೆ: ತೆರಿಗೆಯ ಹಣದಿಂದ ಮಾಡುವ ಖರ್ಚು ರಾಜ್ಯದ ಆರ್ಥಿಕತೆ ಬೆಳೆಯುವ ವೇಗಕ್ಕಿಂತ ಹೆಚ್ಚು ವೇಗವಾಗಿ ಬೆಳೆಯಬಾರದು. ಆದರೆ ಆ ಮಿತಿ ಅನ್ವಯಿಸುವುದು ಸಂವಿಧಾನ ಮೀಸಲಿಡದ ತೆರಿಗೆಗೆ ಮಾತ್ರ. ಸಾಮಾನ್ಯ ಕಾಯ್ದೆಯ ಮೂಲಕ ಇದೇ 250 ಕೋಟಿಯನ್ನು ರಸ್ತೆಗೆ ಕೊಟ್ಟಿದ್ದರೆ ಅದು ಮಿತಿಯೊಳಗೆ ಲೆಕ್ಕಕ್ಕೆ ಬರುತ್ತಿತ್ತು; ಸಂವಿಧಾನದಲ್ಲಿ ಬರೆದ ಕೂಡಲೇ ಲೆಕ್ಕದಿಂದ ಹೊರಬೀಳುತ್ತದೆ. ಸಂವಿಧಾನದಲ್ಲೇ ಏಕೆ ಎಂಬ ಹೊಸಮತದಾರ ಅವರ ಪ್ರಶ್ನೆಗೆ, ಮುಂದಿನ ಸಭೆಯ ಕೈ ಕಟ್ಟುವುದಕ್ಕೆ ಎಂಬ ಉತ್ತರದ ಜೊತೆಗೆ ಈ ಉತ್ತರವೂ ಇದೆ. ಖರ್ಚಿನ ಮಿತಿಯನ್ನು ಮೀರಿದರು ಎಂಬ ಮಾತು ಕೇಳದೆಯೇ ಖರ್ಚು ಹೆಚ್ಚಿಸುವ ದಾರಿ ಇದು. ಮಿತವ್ಯಯದ ಮಾತಾಡುವ ಪಕ್ಷದವರೇ ಇದನ್ನು ಉತ್ಸಾಹದಿಂದ ಬೆಂಬಲಿಸುತ್ತಿರುವುದನ್ನು ನೋಡಿ ನನಗೆ ನಗು ಬರುತ್ತದೆ.

ಲೆಕ್ಕಪತ್ರ | 16 ಅಕ್ಟೋಬರ್ 2015

22ನೇ ಪ್ರಕರಣದ ಮಾತು ನಿಜ, ಮತ್ತು ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಮತದಾರರೇ ಒಪ್ಪಿ ಮೀಸಲಿಟ್ಟ ಹಣಕ್ಕೆ ಮಿತಿ ಬೇಡ ಎಂಬುದು ಆ ಪ್ರಕರಣದ ಉದ್ದೇಶವೇ ಆಗಿತ್ತೆಂದು ಓದಬಹುದು. ನಗುವುದಕ್ಕೆ ಮಾತ್ರ ನಿಮಗೆ ಪೂರ್ತಿ ಹಕ್ಕಿದೆ.

ಹೊಸಮತದಾರ ಅವರಿಗೆ ಕಾಲದ ಬಗ್ಗೆ ಒಂದು ಸೂಚನೆ. ಈ ಪ್ರಸ್ತಾವ ಗೆದ್ದರೂ ಹಣ ಕೂಡಲೇ ಬರುವುದಿಲ್ಲ. ಮೊದಲ ಅನ್ವಯದ ವರ್ಷ 2017ರ ಸೆಪ್ಟೆಂಬರಿನಿಂದ 2018ರ ಆಗಸ್ಟಿನವರೆಗಿನದು, ಮತ್ತು 2,800 ಕೋಟಿ ತುಂಬಿದ ಮೇಲಷ್ಟೇ ಹೆದ್ದಾರಿಯ ಪಾಲು ಆರಂಭವಾಗುವುದರಿಂದ, ಆ ವರ್ಷದ ಹಣ ಕೈಗೆ ಸಿಗುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಮುಂದಿನ ವರ್ಷವೇ ರಸ್ತೆ ಅಗಲವಾಗುತ್ತದೆ ಎಂದು ಯಾರಾದರೂ ಹೇಳಿ ಮತ ಕೇಳಿದರೆ, ಅದು 7ನೇ ಪ್ರಸ್ತಾವದ ಹಣದಿಂದ ಆಗುವ ಕೆಲಸವಲ್ಲ. ಆ ಕಾಮಗಾರಿಗೆ ಹಣ ಬಂದಿರುವುದು ಕಳೆದ ವರ್ಷ ಒಪ್ಪಿದ ತೈಲ ತೆರಿಗೆಯಿಂದಲೋ, ಹಳೆಯ ಇಂಧನ ತೆರಿಗೆಯಿಂದಲೋ ಎಂದು ಅವರನ್ನೇ ಕೇಳಿ ನೋಡಿ.